ಪೈಪಿನ ತುದಿಯ ತಿರುಪು

ಇತಿಹಾಸದ ಪಾಠ ಹೇಳುವ ನಮ್ಮಂಥವರಿಗೆ ಕೆರೆ ಕಟ್ಟಿಸಿದವರ ಹೆಸರು ಗೊತ್ತು, ಅಣೆಕಟ್ಟಿಗೆ ಮಂಜೂರಾತಿ ಕೊಟ್ಟ ದಿವಾನರ ಹೆಸರು ಗೊತ್ತು, ಯಾವ ಕಾಲುವೆ ಯಾವ ಇಸವಿಯಲ್ಲಿ ಆಯಿತೆಂಬುದೂ ಗೊತ್ತು. ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳೂ ಅವೇ. ಆದರೆ ಆ ಕೆರೆಯ ನೀರು ಒಂದು ಮನೆಯ ಬಚ್ಚಲಿಗೆ ಬಂದು ಬೀಳಬೇಕಾದರೆ ನೂರಾರು ತುಂಡು ಪೈಪುಗಳು ಒಂದಕ್ಕೊಂದು ಕೂಡಿಕೊಳ್ಳಬೇಕು, ಕೂಡಿದ ಕಡೆ ಸೋರಬಾರದು. ಈ ಸಂಗತಿ ನಾನು ಕಲಿಸಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಊರಿಗೆ ನೀರು ಕೊಡುವುದು ಕೆರೆ. ಮನೆಗೆ ನೀರು ಕೊಡುವುದು ಪೈಪಿನ ಕೀಲು. ಕೆರೆಗೆ ಶಾಸನವಿದೆ, ಕೀಲಿಗೆ ಯಾವ ಶಾಸನವೂ ಇಲ್ಲ.

ಆ ಕೀಲಿನ ಕಥೆಯನ್ನು, ಅದರಲ್ಲೂ ಪ್ಲಾಸ್ಟಿಕ್ ಪೈಪಿನ ತುದಿಗೆ ತಿರುಪು ಕೊರೆಯುವ ಕೆಲಸದ ಕಥೆಯನ್ನು, ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ನಮ್ಮ ಕಡೆಯ ಕೆಲಸಗಾರರು ಈ ತಿರುಪಿಗೆ 'ಥ್ರೆಡ್' ಎನ್ನುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಇದು ಗಂಡಸರ ಕೆಲಸ, ಹೆಂಗಸೊಬ್ಬಳು ಇದರ ಬಗ್ಗೆ ಬರೆಯುವುದೇನಿದೆ ಎಂದು ಕೆಲವರು ಕೇಳಬಹುದು. ಪೈಪು ಜೋಡಿಸುವವರು ಗಂಡಸರೇ ಇರಬಹುದು. ಅದು ಸೋರಿ ನಿಂತ ದಿನ ಕೊಡ ಹಿಡಿದು ಹೊರಡುವವರು ಯಾರು?

ಕಥೆಯನ್ನು ಮಣ್ಣಿನಿಂದ ಆರಂಭಿಸಬೇಕು. ಹಿಂದೆ ಬಿಜಾಪುರವಾಗಿದ್ದ ಈಗಿನ ವಿಜಯಪುರಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಎಲ್ಲರೂ ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆ. ಊರಿನಲ್ಲಿ ಅಲ್ಲಲ್ಲಿ ನಿಂತಿರುವ ಚೌಕಾಕಾರದ ಕಲ್ಲಿನ ಗೋಪುರಗಳನ್ನು ಯಾರೂ ಕೇಳುವುದಿಲ್ಲ. ಅವಕ್ಕೆ ಗಂಜ್ ಎಂದು ಹೆಸರು. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದಲೂ, 1651ರಲ್ಲಿ ಮಹಮ್ಮದ್ ಆದಿಲ್ ಶಾಹ ಕಟ್ಟಿಸಿದ ಬೇಗಂ ತಾಲಾಬಿನಿಂದಲೂ ಊರಿಗೆ ನೀರು ಬರುತ್ತಿತ್ತು. ಬೇಗಂ ತಾಲಾಬಿನ ನೀರು ಹರಿದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒಂದು ಕೊಳವೆಯ ಬಾಯೊಳಗೆ ಇನ್ನೊಂದರ ತುದಿ ಕೂರಿಸಿ, ಸುತ್ತ ಗಾರೆ ಮೆತ್ತಿ, ಅದನ್ನೆಲ್ಲ ಗಟ್ಟಿ ಕಟ್ಟಡದ ಒಡಲಿನಲ್ಲಿ ಹುದುಗಿಸಿ ನೆಲದಡಿಯಲ್ಲಿ ಸಾಗಿಸಿದ್ದರು. ಮಣ್ಣಿನ ಕೊಳವೆ ಹೆಚ್ಚು ಒತ್ತಡ ತಾಳದು. ಹಾಗಾಗಿ ದಾರಿಯುದ್ದಕ್ಕೂ ಈ ಗಂಜ್‌ಗಳು. ನೀರು ಗೋಪುರದೊಳಗೆ ಏರಿ, ತನ್ನ ರಭಸ ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಮಣ್ಣಿನ ಶಕ್ತಿ ಇಷ್ಟೇ ಎಂದು ತಿಳಿದು ನೀರಿನ ಒತ್ತಡವನ್ನೇ ತಗ್ಗಿಸಿದ ಜಾಣತನ ಅದು.

ಇದಕ್ಕೂ ಸಾವಿರದ ಆರುನೂರು ವರ್ಷ ಹಿಂದೆ ರೋಮಿನ ವಿಟ್ರೂವಿಯಸ್ ಎಂಬ ಶಿಲ್ಪಿ ಇಂಥದೇ ಮಾತು ಬರೆದಿಟ್ಟಿದ್ದ. ಮಣ್ಣಿನ ಕೊಳವೆಯ ಒಂದು ತುದಿಯನ್ನು ಸಣ್ಣದಾಗಿಸಿ ಇನ್ನೊಂದರೊಳಗೆ ಸೇರಿಸಬೇಕು, ಕೂಡಿದ ಕಡೆ ಎಣ್ಣೆಯಲ್ಲಿ ಕಲಸಿದ ಸುಣ್ಣ ಮೆತ್ತಬೇಕು ಎಂದು ಹೇಳಿದ್ದಲ್ಲದೆ, ಸೀಸದ ಕೊಳವೆಗಿಂತ ಮಣ್ಣಿನದೇ ಆರೋಗ್ಯಕ್ಕೆ ಮೇಲು, ಕೆಟ್ಟರೆ ಯಾರು ಬೇಕಾದರೂ ರಿಪೇರಿ ಮಾಡಬಹುದು ಎಂದೂ ಸೇರಿಸಿದ್ದ. ರೋಮಿನ ಜನ ಅವನ ಮಾತನ್ನು ಪೂರ್ತಿ ಕೇಳಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ಪ್ಲಂಬಮ್ ಎನ್ನುತ್ತಾರೆ. ನಾವು ದಿನವೂ ಕರೆಯುವ 'ಪ್ಲಂಬರ್' ಎಂಬ ಹೆಸರು ಅಲ್ಲಿಂದ ಬಂದದ್ದು. ಇವತ್ತಿನ ಪ್ಲಂಬರ್ ಸೀಸ ಮುಟ್ಟದಿದ್ದರೂ ಹೆಸರಿನಲ್ಲಿ ಅದು ಉಳಿದುಕೊಂಡಿದೆ.

ಮಣ್ಣಿಗೂ ಸೀಸಕ್ಕೂ ಥ್ರೆಡ್ ಬೇಕಿರಲಿಲ್ಲ. ಥ್ರೆಡ್ ಬಂದದ್ದು ಕಬ್ಬಿಣದ ಪೈಪಿನೊಂದಿಗೆ, ಅದೂ ನೀರಿಗಾಗಿ ಅಲ್ಲ, ಬೆಳಕಿಗಾಗಿ. 1792ರಲ್ಲಿ ವಿಲಿಯಂ ಮರ್ಡಾಕ್ ಇಂಗ್ಲೆಂಡಿನ ರೆಡ್ರೂತಿನಲ್ಲಿ ಕಲ್ಲಿದ್ದಲ ಅನಿಲದಿಂದ ತನ್ನ ಮನೆಗೆ ದೀಪ ಹಚ್ಚಿದ. ಅಲ್ಲಿಂದ ಮುಂದೆ ಊರೂರಿಗೆ ಅನಿಲದ ದೀಪ ಬೇಕಾಯಿತು, ಅನಿಲ ಸಾಗಿಸಲು ಸಣ್ಣ ಪೈಪು ಬೇಕಾಯಿತು. ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದಾಗ ರಾಶಿ ರಾಶಿ ಕೋವಿಗಳು ಕೆಲಸವಿಲ್ಲದೆ ಬಿದ್ದಿದ್ದವು. ಅವುಗಳ ನಳಿಕೆಗಳನ್ನು ತುದಿಗೆ ತುದಿ ತಿರುಪಿ ಜೋಡಿಸಿ ಅನಿಲ ಹರಿಸಿದರಂತೆ. ಇಂಗ್ಲಿಷಿನಲ್ಲಿ ಕೋವಿಯ ನಳಿಕೆಗೆ ಬ್ಯಾರಲ್ ಎನ್ನುತ್ತಾರೆ. ಎರಡೂ ತುದಿಗೆ ಥ್ರೆಡ್ ಇರುವ ಗೇಣುದ್ದದ ಪೈಪಿನ ತುಂಡಿಗೆ ನಮ್ಮ ಹಾರ್ಡ್‌ವೇರ್ ಅಂಗಡಿಯವರು ಇವತ್ತಿಗೂ 'ಬ್ಯಾರಲ್ ನಿಪ್ಪಲ್' ಎನ್ನುತ್ತಾರೆ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬುವನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ದುಂಡಗೆ ಎಳೆದು, ಅಂಚು ಬೆಸೆದು ಉದ್ದದ ಪೈಪು ಮಾಡುವ ವಿಧಾನಕ್ಕೆ ಪೇಟೆಂಟು ಪಡೆದ. ಆಮೇಲೆ ಕೋವಿಗೆ ಕಾಯುವ ಅಗತ್ಯ ಉಳಿಯಲಿಲ್ಲ.

ಪೈಪೇನೋ ಸಿಕ್ಕಿತು. ಆದರೆ ಒಬ್ಬ ಕಮ್ಮಾರ ಕೊರೆದ ಥ್ರೆಡ್ಡಿಗೆ ಇನ್ನೊಬ್ಬನ ನಟ್ಟು ಹೊಂದುತ್ತಿರಲಿಲ್ಲ. ಒಂದೊಂದು ಕಾರ್ಖಾನೆಗೆ ಒಂದೊಂದು ಅಳತೆ. ಹೆನ್ರಿ ಮಾಡ್‌ಸ್ಲೆ ಎಂಬ ಕುಶಲಿ 1800ರ ಸುಮಾರಿಗೆ, ಒಂದೇ ತಿರುಪನ್ನು ಎಷ್ಟು ಸಲ ಬೇಕಾದರೂ ತಪ್ಪಿಲ್ಲದೆ ಕೊರೆಯುವ ಲೇತ್ ಯಂತ್ರ ಮಾಡಿದ್ದ. ಅವನ ಕಾರ್ಖಾನೆಯಲ್ಲಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ ಎಂಬುವನು ನಾನಾ ಕಾರ್ಖಾನೆಗಳ ತಿರುಪುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಲಂಡನ್ನಿನ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಪ್ರಬಂಧ ಮಂಡಿಸಿದ. ಥ್ರೆಡ್ಡಿನ ಕೋನ 55 ಡಿಗ್ರಿ ಇರಲಿ, ಇಂತಿಷ್ಟು ದಪ್ಪಕ್ಕೆ ಇಂಚಿಗೆ ಇಂತಿಷ್ಟು ಸುತ್ತು ಇರಲಿ ಎಂಬುದು ಅದರ ಸಾರಾಂಶ. ಎಲ್ಲರ ರೂಢಿಯನ್ನೂ ಕೂಡಿಸಿ ಭಾಗಿಸಿ ತೆಗೆದ ಈ ಲೆಕ್ಕವನ್ನು ಯಾರೂ ಬಲವಾಗಿ ವಿರೋಧಿಸುವಂತಿರಲಿಲ್ಲ. ಬ್ರಿಟಿಷರ ಪೈಪಿನ ಥ್ರೆಡ್ ಇದೇ ಮಾದರಿಯ ಮೇಲೆ ನಿಂತಿತು. ಅರ್ಧ ಇಂಚಿನ ಪೈಪಿಗೆ ಒಂದು ಇಂಚು ಉದ್ದದಲ್ಲಿ 14 ಸುತ್ತು. ಒಂದು ಇಂಚಿನ ಪೈಪಿಗೆ 11. ಪೈಪಿನ ತುದಿಯನ್ನು ನೇರವಾಗಿ ಕೊರೆಯದೆ, ಹದಿನಾರು ಅಳತೆ ಉದ್ದಕ್ಕೆ ವ್ಯಾಸ ಒಂದು ಅಳತೆ ಕಡಿಮೆಯಾಗುವಂತೆ ಓರೆಯಾಗಿ ಕೊರೆಯುತ್ತಿದ್ದರು. ತಿರುಪಿದಷ್ಟೂ ಬೆಣೆಯ ಹಾಗೆ ಬಿಗಿಯುತ್ತ ಹೋಗಿ ನೀರಿಗೆ ದಾರಿ ಮುಚ್ಚಲಿ ಎಂದು. ಅಮೆರಿಕದವರು ತಮ್ಮದೇ ಬೇರೆ ದಾರಿ ಹಿಡಿದು 60 ಡಿಗ್ರಿಯ ಕೋನವನ್ನು ಗೊತ್ತುಮಾಡಿಕೊಂಡರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮಗೆ ಬಂದದ್ದು 55.

ಇಲ್ಲೊಂದು ವಿನೋದವಿದೆ. ಮಕ್ಕಳಿಗೆ ಅರ್ಧ ಇಂಚಿನ ಪೈಪು ಕೊಟ್ಟು ಅಳೆಯಲು ಹೇಳಿದರೆ ಅದರಲ್ಲಿ ಎಲ್ಲಿಯೂ ಅರ್ಧ ಇಂಚು ಸಿಗುವುದಿಲ್ಲ. ಹೊರಗಿನ ವ್ಯಾಸ ಸುಮಾರು 21 ಮಿಲಿಮೀಟರು, ಒಳಗಿನದೂ ಅರ್ಧ ಇಂಚಿಗಿಂತ ಹೆಚ್ಚು. ಹಳೆಯ ದಪ್ಪ ಕಬ್ಬಿಣದ ಪೈಪಿನ ಒಳಬಾಯಿ ಅರ್ಧ ಇಂಚಿತ್ತು. ಮುಂದೆ ಒಳ್ಳೆಯ ಲೋಹ ಬಂದು ಗೋಡೆ ತೆಳುವಾದಾಗ, ಹೊರಗಿನ ಅಳತೆ ಬದಲಿಸಿದರೆ ಹಳೆಯ ಸಾಕೆಟ್ಟು, ಹಳೆಯ ಡೈ ಯಾವುದೂ ಕೂರುವುದಿಲ್ಲವೆಂದು ಅದನ್ನು ಹಾಗೆಯೇ ಬಿಟ್ಟು ಒಳಗಿನ ಬಾಯನ್ನೇ ಹಿಗ್ಗಿಸಿದರು. ಹೆಸರು ಮಾತ್ರ ಅರ್ಧ ಇಂಚು ಎಂದೇ ಉಳಿಯಿತು. ಹಳೆಯ ರೂಢಿ ಹೊಸ ವಸ್ತುವಿನ ಮೈಯನ್ನು ಹೇಗೆ ನಿರ್ಧರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಬೆಂಗಳೂರಿಗೆ ನಲ್ಲಿಯ ನೀರು ಬಂದದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ, 1890ರ ದಶಕದಲ್ಲಿ, ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದ ಕೆರೆಯಿಂದ. ಅದಕ್ಕೂ ಮುಂಚೆ ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳೂ ಬಾವಿಗಳೂ ಊರಿನ ದಾಹ ತಣಿಸುತ್ತಿದ್ದವು. 1933ರಲ್ಲಿ ತಿಪ್ಪಗೊಂಡನಹಳ್ಳಿ ಸೇರಿತು, 1974ರಲ್ಲಿ ಕಾವೇರಿ. ನೀರು ಎಷ್ಟು ದೂರದಿಂದ ಬಂದರೂ ಮನೆಯ ಗೋಡೆಯ ಹತ್ತಿರ ಬಂದಾಗ ಅದು ವಿಟ್‌ವರ್ತ್‌ನ 55 ಡಿಗ್ರಿಯನ್ನು ಹಾದೇ ಬರಬೇಕು. ಪೇಟೆಯ ಮೇಸ್ತ್ರಿಗಳು ಸತು ಲೇಪಿಸಿದ ಜಿ.ಐ. ಪೈಪನ್ನು ವೈಸಿನಲ್ಲಿ ಕಚ್ಚಿಸಿ, ಡೈ ಹಿಡಿದು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸುತ್ತ, ಎಣ್ಣೆ ಬಿಡುತ್ತ ಥ್ರೆಡ್ ಕೊರೆಯುತ್ತಿದ್ದರು. ಆಮೇಲೆ ಸೆಣಬಿನ ನಾರು ಸುತ್ತಿ, ಬಿಳಿ ಬಣ್ಣದ ಪೇಸ್ಟು ಮೆತ್ತಿ, ರೆಂಚು ಹಾಕಿ ಬಿಗಿಯುತ್ತಿದ್ದರು. ಎಷ್ಟು ಬಿಗಿ ಎಂದರೆ ಕೈ ಸೋಲುವಷ್ಟು ಬಿಗಿ. ಬಿಗಿದಷ್ಟೂ ಒಳ್ಳೆಯದು ಎಂಬುದೇ ಅಲ್ಲಿನ ವಿದ್ಯೆ. ಕಬ್ಬಿಣದ ದೋಷ ಒಂದೇ, ತುಕ್ಕು. ಥ್ರೆಡ್ ಕೊರೆಯುವಾಗ ಮೇಲಿನ ಸತುವಿನ ಲೇಪ ಹೋಗಿಬಿಡುತ್ತದೆ. ತುಕ್ಕು ಮೊದಲು ಹಿಡಿಯುವುದು ಕೀಲಿನಲ್ಲಿಯೇ.

ನಮ್ಮ ತುಮಕೂರು ಜಿಲ್ಲೆಯ ಒಣ ತಾಲ್ಲೂಕಿಗೆ ನಲ್ಲಿ ಎಲ್ಲಿಂದ ಬರಬೇಕು? ನಮಗೆ ಮೊದಲು ಬಂದದ್ದು ಕೈಪಂಪು. 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದರು. ಜನ ಪ್ರೀತಿಯಿಂದ ಅವರನ್ನು 'ನೀರ್ ಸಾಬ್' ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡಾಗ ನಮ್ಮೂರಿನ ಹೆಂಗಸರು ಪಂಪಿನ ಕಟ್ಟೆಯ ಬಳಿ ನಿಂತು ಮನೆಯವರೊಬ್ಬರು ಹೋದ ಹಾಗೆ ಮಾತಾಡಿದ್ದು ನನಗೆ ನೆನಪಿದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಬೀದಿಗೆ ಪಂಪು ಬಂತು. ಸೊಲ್ಲಾಪುರದ ಒಂದು ಪಂಪಿನ ಮಾದರಿಯನ್ನು ಸುಧಾರಿಸಿ, ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ರೂಪಿಸಿದ ಇಂಡಿಯಾ ಮಾರ್ಕ್-2 ಅದು. ಮೂರು ಮೂರು ಮೀಟರಿನ ಕಬ್ಬಿಣದ ಪೈಪುಗಳನ್ನು ಒಂದರ ತಲೆಗೆ ಇನ್ನೊಂದು ತಿರುಪಿ ಬಾವಿಗೆ ಇಳಿಸುತ್ತಿದ್ದರೆ ನಾವು ಮಕ್ಕಳೆಲ್ಲ ಸುತ್ತ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದೆವು. ಪಂಪು ಕೆಟ್ಟಾಗ ಅಷ್ಟನ್ನೂ ಬಿಚ್ಚಿ ಮೇಲೆತ್ತಬೇಕು. ತುಕ್ಕು ಹಿಡಿದ ಕೀಲು ಬಿಚ್ಚಲು ನಾಲ್ಕು ಜನ ಗಂಡಸರು ರೆಂಚಿಗೆ ಜೋತುಬೀಳುತ್ತಿದ್ದರು. ಅಷ್ಟು ದಿನ ನಾವು ಮತ್ತೆ ಹಳೆಯ ತೋಟದ ಬಾವಿಗೆ ನಡೆಯುತ್ತಿದ್ದೆವು.

ಈ ನಡುವೆ ಬೇರೆಡೆ ಬೇರೊಂದು ವಸ್ತು ಹುಟ್ಟಿ ಬೆಳೆದಿತ್ತು. 1872ರಲ್ಲಿ ಜರ್ಮನಿಯ ಯೂಜೆನ್ ಬೌಮನ್ ಎಂಬ ರಸಾಯನ ವಿಜ್ಞಾನಿ ವಿನೈಲ್ ಕ್ಲೋರೈಡ್ ಅನಿಲ ತುಂಬಿ ಮುಚ್ಚಿದ ಗಾಜಿನ ನಳಿಕೆಗಳನ್ನು ಬಿಸಿಲಿಗಿಟ್ಟಾಗ ಒಳಗೆ ಬಿಳಿಯ ಗಟ್ಟಿ ಪದಾರ್ಥವೊಂದು ಉಂಟಾಯಿತು. ಅದೇ ಪಿ.ವಿ.ಸಿ. ಅದರಿಂದ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. 1913ರಲ್ಲಿ ಫ್ರಿಟ್ಜ್ ಕ್ಲಾಟೆ ಎಂಬುವನು ಪೇಟೆಂಟು ಪಡೆದ, ಕೊಳ್ಳುವವರು ಸಿಗಲಿಲ್ಲ. 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಅದಕ್ಕೆ ಬೇರೆ ಪದಾರ್ಥ ಬೆರೆಸಿ ಮೆತ್ತಗೆ, ಬಾಗುವಂತೆ ಮಾಡಿದ. ಮಳೆ ಕೋಟು, ಪರದೆ, ತಂತಿಯ ಹೊದಿಕೆಗಳ ದಾರಿ ತೆರೆಯಿತು. ಬೆರಕೆಯಿಲ್ಲದ ಗಟ್ಟಿ ಪಿ.ವಿ.ಸಿ.ಯಿಂದ ನೀರಿನ ಪೈಪು ಮಾಡಿದ್ದು ಜರ್ಮನಿಯಲ್ಲಿ, 1930ರ ದಶಕದ ನಡುವೆ. ಯುದ್ಧದ ಕಾಲಕ್ಕೆ ಲೋಹಗಳು ದುರ್ಲಭವಾದಾಗ ಈ ಪೈಪಿಗೆ ಬೆಲೆ ಬಂತು. ನಮ್ಮ ದೇಶದಲ್ಲಿ ಕುಡಿಯುವ ನೀರಿನ ಪಿ.ವಿ.ಸಿ. ಪೈಪಿಗೆ ಐ.ಎಸ್. 4985 ಎಂಬ ಮಾನದಂಡ 1968ರಲ್ಲಿ ಹೊರಬಂತು. ಹಗುರ, ಅಗ್ಗ, ತುಕ್ಕಿನ ಭಯವಿಲ್ಲ. ಸೈಕಲ್ಲಿನ ಮೇಲೆ ಹತ್ತು ಪೈಪು ಕಟ್ಟಿಕೊಂಡು ಹೋಗಬಹುದಾದರೆ ಯಾವ ರೈತ ಕಬ್ಬಿಣ ಹೊತ್ತಾನು? ಮೊದಲು ತೋಟಕ್ಕೆ, ಆಮೇಲೆ ಹಳ್ಳಿಯ ಕಿರು ನೀರು ಸರಬರಾಜು ಯೋಜನೆಗಳಿಗೆ, ಕೊನೆಗೆ ಮನೆಯ ಗೋಡೆಗೆ ಈ ಪೈಪು ಬಂದು ಸೇರಿತು.

ಪೈಪು ಬದಲಾಯಿತು, ಪೈಪು ಕೂಡಿಸುವ ಕೈ ಬದಲಾಗಲಿಲ್ಲ. ಮೇಸ್ತ್ರಿಯ ಚೀಲದಲ್ಲಿದ್ದದ್ದು ಅದೇ ಡೈ, ಅದೇ ರೆಂಚು, ಅದೇ ಸೆಣಬು. ನಲ್ಲಿಯ ತುದಿಯಲ್ಲಿರುವುದೂ ಅದೇ ಥ್ರೆಡ್. ಹಾಗಾಗಿ ಪ್ಲಾಸ್ಟಿಕ್ಕಿಗೂ ಥ್ರೆಡ್ ಕೊರೆಯಲು ಹೊರಟರು.

ಕೊರೆಯಬಾರದೆಂದಲ್ಲ. ದಪ್ಪ ಗೋಡೆಯ, ಅಂಗಡಿಯಲ್ಲಿ 'ಷೆಡ್ಯೂಲ್ 80' ಎನ್ನುವ ಪೈಪು ಇರುವುದೇ ಅದಕ್ಕೆ. ಅದಕ್ಕೆ ಕಬ್ಬಿಣದ ಪೈಪಿನಷ್ಟೇ ಹೊರ ಅಳತೆ ಕೊಟ್ಟಿದ್ದಾರೆ. ಆದರೆ ಅದರ ಕ್ರಮವೇ ಬೇರೆ. ನಮ್ಮೂರಿನ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರು ಅದನ್ನು ನನಗೆ ಒಮ್ಮೆ ಕೂತು ವಿವರಿಸಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಪಾಠ ಹೇಳುವುದರಲ್ಲಿ ನಮ್ಮ ಬಿ.ಎಡ್. ಕಾಲೇಜಿನ ಉಪನ್ಯಾಸಕರಿಗಿಂತ ಒಂದು ಕೈ ಮೇಲು.

"ಮೇಡಂನೋರೇ, ಕಬ್ಬಿಣ ಎಮ್ಮೆ ಇದ್ದಂಗೆ, ಎಷ್ಟು ಹೊಡೆದ್ರೂ ತಡೀತದೆ. ಇದು ಹಸುಗೂಸು. ವೈಸಲ್ಲಿ ಅಮುಕಿದ್ರೆ ಮೊಟ್ಟೆ ಥರಾ ಆಗ್ತದೆ, ದುಂಡಗೆ ಉಳಿಯಾಕಿಲ್ಲ."

"ಮತ್ತೆ ಏನು ಮಾಡ್ತೀರಿ, ಮೇಸ್ತ್ರಿಗಳೇ?"

"ಒಳೀಕ್ಕೆ ಒಂದು ಮರದ ಗೂಟ ಜಡೀಬೇಕು, ಸರಿಯಾಗಿ ಕೂರೋದು. ಆಮ್ಯಾಕೆ ಹಿಡಿಯೋದು. ಡೈ ಹೊಸದಿರಬೇಕು. ಕಬ್ಬಿಣ ತಿಂದು ಮೊಂಡಾದ ಡೈ ಇದಕ್ಕೆ ಹಾಕಿದ್ರೆ ಕೊರೆಯಾಕಿಲ್ಲ, ಕಿತ್ತಾಕ್ತದೆ."

ಅವರು ಹೇಳಿದ್ದನ್ನೆಲ್ಲ ನಾನು ಬರೆದುಕೊಂಡೆ. ಪೈಪನ್ನು ನೇರವಾಗಿ ಕತ್ತರಿಸಬೇಕು, ಅಂಚನ್ನು ಅರದಿಂದ ತೀಡಬೇಕು. ಡೈಯನ್ನು ನಿಧಾನವಾಗಿ ತಿರುಗಿಸಬೇಕು. ಅವಸರ ಮಾಡಿದರೆ ಬಿಸಿಗೆ ಪ್ಲಾಸ್ಟಿಕ್ಕು ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ಕಬ್ಬಿಣಕ್ಕೆ ಬಿಡುವ ಎಣ್ಣೆ ಬೇಡ, ನೀರೋ ಸೋಪಿನ ನೀರೋ ಸಾಕು. ಸೆಣಬು, ಪೇಸ್ಟು ಬೇಡ, ಟೆಫ್ಲಾನ್ ಟೇಪು ಸಾಕು. ಮೊದಲು ಕೈಯಲ್ಲಿ ಬಿಗಿದು, ಆಮೇಲೆ ಒಂದು ಸುತ್ತು, ಹೆಚ್ಚೆಂದರೆ ಇನ್ನೂ ಅರ್ಧ. ಹಲ್ಲಿನ ರೆಂಚು ಹಾಕಿದರೆ ಮೈಮೇಲೆ ಗೀರು ಬೀಳುತ್ತದೆ, ಆ ಗೀರಿನಿಂದಲೇ ಬಿರುಕು ಹೊರಡುತ್ತದೆ. ಎಲ್ಲಕ್ಕಿಂತ ದೊಡ್ಡ ಮಾತು: ಪ್ಲಾಸ್ಟಿಕ್ಕಿನ ಒಳಥ್ರೆಡ್ಡಿಗೆ ಕಬ್ಬಿಣದ ನಿಪ್ಪಲನ್ನು ಬಲವಂತವಾಗಿ ತಿರುಪಬಾರದು. ಓರೆ ಕೊರೆದ ಕಬ್ಬಿಣ ಬೆಣೆಯಂತೆ ಒಳಗೆ ಹೋಗಿ ಸಾಕೆಟ್ಟನ್ನು ಸೀಳುತ್ತದೆ. ಕೂಡಲೇ ಸೀಳುವುದಿಲ್ಲ, ಬಿಲ್ಲು ಪಾಸಾದ ಮೇಲೆ ಸೀಳುತ್ತದೆ. ಈ ಕೊನೆಯ ಮಾತು ಮೇಸ್ತ್ರಿಯದೇ.

ಇದರ ಹಿಂದಿನ ಲೆಕ್ಕ ಏಳನೇ ತರಗತಿಯ ಮಗುವಿಗೂ ಅರ್ಥವಾಗುವಂಥದು. ಇಂಚಿಗೆ 14 ಸುತ್ತಿನ ಥ್ರೆಡ್ಡಿನ ಆಳ ಸುಮಾರು 1.16 ಮಿಲಿಮೀಟರು. ಷೆಡ್ಯೂಲ್ 80ರ ಅರ್ಧ ಇಂಚಿನ ಪೈಪಿನ ಗೋಡೆ 3.73 ಮಿಲಿಮೀಟರು, ಕೊರೆದ ಮೇಲೂ ಎರಡೂವರೆ ಉಳಿಯುತ್ತದೆ. ಹಾಗಿದ್ದರೂ ಥ್ರೆಡ್ ಕೊರೆದ ಪೈಪಿಗೆ ಮೊದಲಿನ ಅರ್ಧದಷ್ಟೇ ಒತ್ತಡ ಕೊಡಬೇಕೆಂಬುದು ರೂಢಿಯಲ್ಲಿರುವ ನಿಯಮ. ಅದಕ್ಕಿಂತ ತೆಳುವಾದ ಷೆಡ್ಯೂಲ್ 40ರ ಗೋಡೆ 2.77, ಅದಕ್ಕೆ ಥ್ರೆಡ್ ಕೊರೆಯುವುದು ಸಲ್ಲದು. ಇನ್ನು ತೋಟಕ್ಕೆ ಎಳೆಯುವ ಪೈಪುಗಳಲ್ಲಿ ಒಂದೂವರೆ ಮಿಲಿಮೀಟರಿನ ಗೋಡೆಯವೂ ಇವೆ. ಅದರಿಂದ 1.16 ಕಳೆದರೆ ಉಳಿಯುವುದು ಒಂದು ರಟ್ಟಿನ ದಪ್ಪ. ಉಳಿದದ್ದರಲ್ಲೂ ಥ್ರೆಡ್ಡಿನ ಬುಡದ ಚೂಪು ಗೆರೆಯೇ ಒಡೆಯಲು ದಾರಿ. ಬಟ್ಟೆ ಅಂಗಡಿಯವನು ಅಂಚಿಗೆ ಸಣ್ಣ ಕತ್ತರಿ ಏಟು ಹಾಕಿ ಆಮೇಲೆ ಎಳೆದು ಹರಿಯುತ್ತಾನಲ್ಲ, ಅದೇ ತತ್ವ.

ಈ ಲೆಕ್ಕದ ಬೆಲೆ ಏನೆಂದು ನಾನು ಕಂಡದ್ದು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಅದು ಹದಿನೈದು ವರ್ಷದ ಹಿಂದಿನ ಮಾತು. ಹೆಣ್ಣುಮಕ್ಕಳ ಶೌಚಾಲಯ ಹೊಸದಾಗಿ ಆಗಿತ್ತು. ಬಾಗಿಲಿಗೆ ಬಣ್ಣ, ಗೋಡೆಗೆ ಟೈಲ್ಸು, ಮೇಲೆ ಕಪ್ಪು ಟ್ಯಾಂಕು, ಒಳಗೆ ನಲ್ಲಿ. ಉದ್ಘಾಟನೆಯ ದಿನ ನೀರು ಚೆನ್ನಾಗಿ ಬಂತು, ಫೋಟೋ ತೆಗೆದರು. ಮೂರು ತಿಂಗಳಿಗೆ ನಲ್ಲಿಯ ಬುಡದಲ್ಲಿ ಪೈಪು ಒಡೆಯಿತು. ಗುತ್ತಿಗೆದಾರರ ಕಡೆಯವರು ಬಂದು ಒಡೆದ ತುದಿ ಕತ್ತರಿಸಿ, ಮತ್ತೆ ಡೈ ಹಾಕಿ ಜೋಡಿಸಿ ಹೋದರು. ಮತ್ತೆ ಒಡೆಯಿತು. ಮೂರನೆಯ ಸಲ ಟ್ಯಾಂಕಿನ ವಾಲ್ವನ್ನೇ ಮುಚ್ಚಿ, ಬಾಗಿಲಿಗೆ ಬೀಗ ಹಾಕಿದರು. ಗಂಡುಹುಡುಗರಿಗೆ ಬಯಲಿತ್ತು.

ಹಾಜರಿ ಪುಸ್ತಕವೂ ಒಂದು ಶಾಸನ, ಓದಲು ಬರಬೇಕು ಅಷ್ಟೆ. ಒಂಬತ್ತನೇ ತರಗತಿಯ ಪುಸ್ತಕ ನನ್ನ ಬಳಿಯಿತ್ತು. ಬೀಗ ಬಿದ್ದ ಮೇಲಿನ ಪುಟಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರು ಗುರುತು ಒಂದು ಕ್ರಮದಲ್ಲಿ ಬರುತ್ತಿತ್ತು. ತಿಂಗಳಿಗೊಮ್ಮೆ, ಮೂರು ದಿನ, ನಾಲ್ಕು ದಿನ. ಯಾಕೆ ಬರಲಿಲ್ಲ ಎಂದು ಕೇಳಿದರೆ ಹೊಟ್ಟೆನೋವು ಎನ್ನುತ್ತಿದ್ದರು. ಬಂದವರೂ ಬೆಳಗಿನಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ, ಕುಡಿದರೆ ಹೋಗುವುದೆಲ್ಲಿಗೆ? ಗಣಿತದಲ್ಲಿ ಮುಂದಿದ್ದ ಒಬ್ಬ ಹುಡುಗಿ ಅರ್ಧ ವಾರ್ಷಿಕ ಪರೀಕ್ಷೆಯ ಎರಡು ದಿನ ಬರಲಿಲ್ಲ. ಅವಳ ತಾಯಿಯನ್ನು ಕರೆಸಿ ಮಾತಾಡಿದೆ. "ಶಾಲೇಲಿ ನೀರಿಲ್ವಂತಲ್ಲ ಟೀಚರ್, ಹೆಂಗೆ ಕಳಿಸ್ಲಿ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅಂಥ ಮಾತು ಎರಡು ಸಲ ಬಂದರೆ ಮೂರನೆಯ ಮಾತು ಮದುವೆಯದು ಎಂಬುದು ನಮ್ಮ ಕಡೆ ಎಲ್ಲ ಉಪಾಧ್ಯಾಯಿನಿಯರಿಗೂ ಗೊತ್ತು.

ಶಾಲಾ ಸಮಿತಿಯ ಸಭೆಯಲ್ಲಿ ನಾನು ಹಾಜರಿ ಪುಸ್ತಕವನ್ನೇ ತೆರೆದಿಟ್ಟೆ. ಗಂಡಸರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಹಿರಿಯರೊಬ್ಬರು ನಾನು ಮೇಲೆ ಹೇಳಿದ ಆ ಮೇಸ್ತ್ರಿಯನ್ನು ಕರೆಸಿದರು. ಮೇಸ್ತ್ರಿ ಒಡೆದ ತುದಿಯನ್ನು ಕೈಯಲ್ಲಿ ಹಿಡಿದು ನಮಗೆಲ್ಲ ತೋರಿಸಿದರು. ತೋಟದ ತೆಳು ಪೈಪು, ಅದರ ಮೇಲೆ ಮೊಂಡು ಡೈಯಿಂದ ಕೊರೆದ ಥ್ರೆಡ್, ಮೊದಲ ಸುತ್ತಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಅವರು ಮತ್ತೆ ಡೈ ತೆಗೆಯಲಿಲ್ಲ. ಪೈಪಿನ ತುದಿಗೆ ಸೊಲ್ಯೂಷನ್ ಹಚ್ಚಿ, ಒಂದು ಕಡೆ ನುಣುಪಾದ ಬಾಯಿ, ಇನ್ನೊಂದು ಕಡೆ ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗನ್ನು ಕೂರಿಸಿ, ಅದಕ್ಕೆ ನಲ್ಲಿ ತಿರುಪಿದರು. ಗೋಡೆಗೆ ಎರಡು ಕ್ಲಾಂಪು ಹೊಡೆದು, ನಲ್ಲಿ ತಿರುಗಿಸುವಾಗಿನ ಭಾರ ಪೈಪಿನ ಮೇಲೆ ಬೀಳದಂತೆ ಮಾಡಿದರು. ಒಂದು ಮಧ್ಯಾಹ್ನದ ಕೆಲಸ. ಆ ಫಿಟ್ಟಿಂಗಿನ ಬೆಲೆ ಒಂದು ನೋಟ್‌ಬುಕ್ಕಿನ ಬೆಲೆಗಿಂತ ಬಹಳ ಹೆಚ್ಚೇನೂ ಇರಲಿಲ್ಲ. ನಾನು ಆ ಶಾಲೆಯಿಂದ ವರ್ಗವಾಗುವವರೆಗೆ ಆ ಕೀಲು ಸೋರಲಿಲ್ಲ. ಗಣಿತದ ಹುಡುಗಿ ಹತ್ತನೇ ತರಗತಿ ಪಾಸಾದಳು.

ಆ ಫಿಟ್ಟಿಂಗನ್ನು ಗಮನವಿಟ್ಟು ನೋಡಿದರೆ ಬಿಜಾಪುರ ನೆನಪಾಗುತ್ತದೆ. ಒಂದರ ಬಾಯೊಳಗೆ ಇನ್ನೊಂದರ ತುದಿ, ನಡುವೆ ಒಂದು ಅಂಟು. ಅಲ್ಲಿ ಗಾರೆ, ಇಲ್ಲಿ ಸೊಲ್ಯೂಷನ್. ಸೊಲ್ಯೂಷನ್ ಬರೀ ಗೋಂದಲ್ಲ. ಎರಡೂ ಮೈಗಳನ್ನು ಕೊಂಚ ಕರಗಿಸಿ ಒಂದೇ ಮೈ ಮಾಡುತ್ತದೆ. ಮಣ್ಣಿನ ಹಾಗೆ ಪ್ಲಾಸ್ಟಿಕ್ಕೂ ಮೈ ಕೊರೆಸಿಕೊಳ್ಳಲು ಒಲ್ಲದ ವಸ್ತು. ನಡುವೆ ಬಂದ ಕಬ್ಬಿಣ ತನ್ನ ಸ್ವಭಾವವನ್ನೇ ಎಲ್ಲದರ ಸ್ವಭಾವವೆಂದು ನಮ್ಮನ್ನು ನಂಬಿಸಿಬಿಟ್ಟಿತ್ತು.

ಥ್ರೆಡ್ ಬೇಕೇ ಬೇಕಾದ ಕಡೆ ಅದನ್ನು ಪ್ಲಾಸ್ಟಿಕ್ಕಿಗೆ ಹೊಂದುವಂತೆ ಬದಲಿಸಿಕೊಂಡದ್ದೂ ಉಂಟು. ಈಗ ಕೊಳವೆ ಬಾವಿಯಲ್ಲಿ ಮೋಟಾರನ್ನು ತೂಗಿಹಾಕುವ ಪ್ಲಾಸ್ಟಿಕ್ಕಿನ ಕಾಲಂ ಪೈಪುಗಳನ್ನು ನೋಡಿ. ಅವುಗಳ ತುದಿಯ ಥ್ರೆಡ್ ಚೂಪಾಗಿಲ್ಲ, ಚೌಕಾಕಾರವಾಗಿದೆ. ಚೂಪು ಥ್ರೆಡ್ ಭಾರ ಬಿದ್ದಾಗ ಪೈಪನ್ನು ಹೊರಕ್ಕೆ ದಬ್ಬಿ ಸೀಳಲು ನೋಡುತ್ತದೆ. ಚೌಕ ಥ್ರೆಡ್ ಭಾರವನ್ನು ನೇರವಾಗಿ ಹೊರುತ್ತದೆ. ನೀರು ಸೋರದಂತೆ ತಡೆಯುವುದು ರಬ್ಬರಿನ ಉಂಗುರ. ತುದಿಯ ಗೋಡೆಯನ್ನೂ ದಪ್ಪ ಮಾಡಿದ್ದಾರೆ. 2019ರಲ್ಲಿ ಜಲಜೀವನ್ ಮಿಷನ್ ಆರಂಭವಾಗಿ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಲ್ಲಿ ಬೀದಿ ಬೀದಿ ಅಗೆದಾಗ ಬಂದ ಕಪ್ಪು ಎಚ್.ಡಿ.ಪಿ.ಇ. ಪೈಪಿಗಂತೂ ಡೈಯೂ ಬೇಡ, ಸೊಲ್ಯೂಷನ್ನೂ ಬೇಡ. ದೊಡ್ಡ ಪೈಪಾದರೆ ಕಾಯಿಸಿ ಬೆಸೆಯುತ್ತಾರೆ. ಸಣ್ಣದಾದರೆ ದಪ್ಪ ಪ್ಲಾಸ್ಟಿಕ್ ನಟ್ಟು ಹಾಕಿ ಬಿಗಿಯುತ್ತಾರೆ. ಆ ನಟ್ಟಿನಲ್ಲಿ ಥ್ರೆಡ್ ಇದೆ, ಆದರೆ ಕೊರೆದದ್ದಲ್ಲ, ಅಚ್ಚಿನಲ್ಲೇ ಹುಟ್ಟಿದ್ದು.

ಸೀಸದ ಕಥೆಯೂ ಮುಗಿದಿಲ್ಲವೆಂದು ಇಲ್ಲಿ ಹೇಳಬೇಕು. ಪಿ.ವಿ.ಸಿ. ಬಿಸಿಗೆ ಕೆಡದಿರಲೆಂದು ತಯಾರಿಸುವಾಗ ಸೀಸದ ಲವಣ ಬೆರೆಸುವ ಪದ್ಧತಿ ಬಹುಕಾಲ ಇತ್ತು. ಅದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಹೊರಡಿಸಿತು. ವಿಟ್ರೂವಿಯಸ್ ಹೇಳಿದ ಮಾತಿಗೆ ಎರಡು ಸಾವಿರ ವರ್ಷದ ಮೇಲೆ ಬಂದ ಷರಾ ಎಂದುಕೊಳ್ಳೋಣ. ಕುಡಿಯುವ ನೀರಿಗೆ ಪೈಪು ಕೊಳ್ಳುವಾಗ ಅದರ ಮೈಮೇಲೆ ಅಚ್ಚಾಗಿರುವ ಐ.ಎಸ್.ಐ. ಗುರುತು, ಮಾನದಂಡದ ಸಂಖ್ಯೆ ಎರಡನ್ನೂ ಓದಬೇಕು. ಓದು ಬಲ್ಲ ಹೆಣ್ಣುಮಕ್ಕಳು ಮನೆಯಲ್ಲಿದ್ದರೆ ಅವರಿಗೇ ಆ ಕೆಲಸ ಒಪ್ಪಿಸಿ.

ಇನ್ನು ಶಾಲಾ ಸಮಿತಿಗಳಲ್ಲಿ, ಪಂಚಾಯತಿಗಳಲ್ಲಿ ಕೂರುವವರಿಗೆ ಒಂದು ಮಾತು. ಶೌಚಾಲಯದ ಬಿಲ್ಲಿಗೆ ಸಹಿ ಹಾಕುವ ಮುನ್ನ ನಲ್ಲಿಯ ಹಿಂದಿನ ಕೀಲನ್ನು ಒಮ್ಮೆ ಬಗ್ಗಿ ನೋಡಿ. ಪೈಪಿನ ಮೈಮೇಲೆ ಡೈಯಿಂದ ಕೊರೆದ ಥ್ರೆಡ್ ಕಂಡರೆ, ಗೋಡೆಯ ದಪ್ಪ ಎಷ್ಟೆಂದು ಕೇಳಿ. ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗು ಯಾಕೆ ಹಾಕಲಿಲ್ಲವೆಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಕೆಲಸ ತಾನಾಗಿ ನೆಟ್ಟಗಾಗುತ್ತದೆ. ಟೈಲ್ಸಿನ ಬಣ್ಣ ಯಾವುದಾದರೂ ಇರಲಿ. ಆ ಗೇಣುದ್ದ ಪೈಪು ಸರಿಯಿಲ್ಲದಿದ್ದರೆ ಅದರ ಲೆಕ್ಕ ಬೀಳುವುದು ಹುಡುಗಿಯರ ಹಾಜರಿಯಲ್ಲಿ.